ರತ್ನವ್ವ ಕೊಂಡ ಸ್ಟುಡಿಯೋ ಟೇಪು

ಮಡಿವಾಳಪ್ಪ ತೀರಿಕೊಳ್ಳುವ ಹಿಂದಿನ ದಿನ ಮಂಗಳವಾರ, ಇಸವಿ ೧೯೬೪. ಅಂದು ಬೆಳಿಗ್ಗೆ ಹೆಂಡತಿ ರತ್ನವ್ವ ಎಂದಿನಂತೆ ಅವನನ್ನು ಬೈಯುತ್ತಿದ್ದಳು. ಕಾರಣ ಮಾತ್ರ ಹೊಸದು. ನಡುಮನೆಯಲ್ಲಿ ಟ್ರಂಕಿನಷ್ಟು ದೊಡ್ಡ ಟೇಪು ಯಂತ್ರ ಕುಳಿತಿತ್ತು. ಅದರ ಮುಂದೆ ಹಾಡಲು ಗಂಡ ನಾಚುತ್ತಿದ್ದ.

ಮಡಿವಾಳಪ್ಪ ಹತ್ತಿ ವ್ಯಾಪಾರಿ. ಆದರೆ ಸೋಮವಾರ ಮಠದ ಭಜನೆಯಲ್ಲಿ ಅವನು ಬಾಯಿ ತೆರೆದರೆ ದುರ್ಗದಬೈಲಿನ ಪೇಟೆಯಲ್ಲಿ ಚೌಕಾಸಿ ನಿಲ್ಲುತ್ತಿತ್ತು (ಇದು ರತ್ನವ್ವನ ಮಾತು, ಮಠ ಅಲ್ಲಿಂದ ಒಂದು ಮೈಲಿ). ಅಂಥ ಧ್ವನಿ ಗಾಳಿಗೆ ಹೋಗಬಾರದೆಂದು ಅವಳು ರೇಡಿಯೋ ರಿಪೇರಿಯ ಕಾಸಿಮಸಾಬನ ಅಂಗಡಿಗೆ ಹೋಗಿದ್ದಳು. ಅವನು ಚಿಕ್ಕ ಟೇಪು ಯಂತ್ರ ತೋರಿಸಿದ. ಅವಳು ಮೂಲೆಯಲ್ಲಿದ್ದ ದೊಡ್ಡದರತ್ತ ಬೆರಳು ಮಾಡಿದಳು.

“ಅದು ಬ್ಯಾಡ್ರಿ ಅಕ್ಕಾರ. ಮುಂಬಯಿದಾಗ ಮುಚ್ಚಿದ ಸ್ಟುಡಿಯೋದ್ದು. ಮನಿಗಲ್ಲ ಅದು.”

“ನಮ್ಮವರ ಧ್ವನಿ ಮನಿಗಷ್ಟ ಅಂತ ಯಾರು ಹೇಳಿದ್ರಪಾ ನಿನಗ?”

“ಅದಕ್ಕ ಕಿವಿ ಐತ್ರಿ, ಬಾಯಿಲ್ಲ. ಕೇಳಬೇಕಂದ್ರ ಬ್ಯಾರೆ ಸ್ಪೀಕರ್ ಪೆಟಿಗಿ ತರಸಬೇಕು.”

“ತರಸು. ಅಲ್ಲೀಮಟ ಬಾಯಿಗೆ ನಮ್ಮ ಮನ್ಯಾಗೇನ ಕಡಿಮಿ ಇಲ್ಲ.”

ಕಾಸಿಮಸಾಬ ಜೊತೆಗೊಂದು ಮೈಕು ಕೊಟ್ಟ. ಅದು ಒಂದೇ ಮಗ್ಗುಲಿನಿಂದ ಕೇಳುವ ಮೈಕು. ಆ ಮಗ್ಗುಲಿಗೆ ಸೀಮೆಸುಣ್ಣದ ಗೆರೆ ಎಳೆದು, “ಗೆರಿ ಹಾಡೋರ ಕಡಿ ಇರಲ್ರಿ” ಎಂದ.

ಇಬ್ಬರು ಹಮಾಲರು ಯಂತ್ರ ಹೊತ್ತು ಬಂದಾಗ ಓಣಿಯೇ ಬಾಗಿಲಿಗೆ ಬಂತು. ಪಕ್ಕದ ಮನೆಯ ಶಿವಲಿಂಗವ್ವ (ಹೋದ ವರ್ಷ ರೇಡಿಯೋ ಕೊಂಡವಳು) ಕೇಳಿದಳು:

“ಹಿಟ್ಟಿನ ಗಿರಣಿ ಇಡಾಕತ್ತೀಯೇನ ರತ್ನವ್ವಾ?”

“ನಿಮ್ಮ ರೇಡಿಯೋದಾಗ ಊರ ಮಂದಿ ಹಾಡ್ತಾರ. ಇದರಾಗ ನಮ್ಮವರು ಹಾಡ್ತಾರ.”

ಹೊಸ ವಸ್ತು ಮನೆಗೆ ಬಂದರೆ ಮೊದಲು ಪೂಜೆ. ರತ್ನವ್ವ ಹಸಿ ಬಟ್ಟೆಯಿಂದ ಮೈಕನ್ನು ಒರೆಸಿದಳು. ಸುಣ್ಣದ ಗೆರೆ ಹೋಯಿತು. ಕಣ್ಣಿಗೆ ಬಿದ್ದ ಮಗ್ಗುಲಿಗೆ ಮೂರು ಬೆರಳಿನಿಂದ ವಿಭೂತಿ ಎಳೆದಳು. ಆಮೇಲೆ ಗೆರೆಯಿದ್ದ ಮಗ್ಗುಲನ್ನು, ಅಂದರೆ ವಿಭೂತಿಯ ಗೆರೆಯನ್ನು, ಭಕ್ತಿಯಿಂದ ಗಂಡನತ್ತ ತಿರುಗಿಸಿ, ಯಂತ್ರದ ಗುಂಡಿ ಒತ್ತಿ, ತಾನು ಆಚೆ ಕಡೆ ಒಲೆಯ ಹತ್ತಿರ ಕುಳಿತಳು.

“ನೆಟ್ಟಗ ಕುಂದರ್ರಿ. ಕೆಮ್ಮೋದು ಈಗ ಕೆಮ್ಮಿ ಮುಗಸ್ರಿ.”

“ರತ್ನಿ, ನೀ ಸುಮ್ನಿದ್ರ ನಾ ಹಾಡ್ತೇನಿ.”

“ನಾ ಎಲ್ಲೆ ಮಾತಾಡಾಕತ್ತೇನಿ?”

ಅವನು ಟೇಪು ಮುಗಿಯುವವರೆಗೆ ಹಾಡಿದ.

ಬುಧವಾರ ಬೆಳಿಗ್ಗೆ ಚಹಾ ಕುಡಿದು ಬಟ್ಟಲು ಕೆಳಗಿಟ್ಟ. ಮತ್ತೆ ಏಳಲಿಲ್ಲ.

ಹದಿನೈದು ದಿನದ ಮೇಲೆ ಸ್ಪೀಕರ್ ಪೆಟ್ಟಿಗೆ ಬಂತು. ಅವನ ಧ್ವನಿ ಎಂದು ಈ ಲೋಕದಲ್ಲಿ ಉಳಿದದ್ದು ಆ ಒಂದು ಟೇಪು. ರತ್ನವ್ವ ಓಣಿಯವರನ್ನೆಲ್ಲ ಕರೆದು ಚಾಪೆ ಹಾಸಿ ಕೂರಿಸಿದಳು. ಕಾಸಿಮಸಾಬ ಗುಂಡಿ ಒತ್ತಿದ.

“ನೆಟ್ಟಗ ಕುಂದರ್ರಿ” ಎಂದಿತು ಪೆಟ್ಟಿಗೆ, ರತ್ನವ್ವನ ಧ್ವನಿಯಲ್ಲಿ, ಗೋಡೆ ನಡುಗುವಂತೆ. ಆಮೇಲೆ ರೊಟ್ಟಿ ತಟ್ಟುವ ಸದ್ದು. “ಮ್ಯಾಲ ಏರಸ್ರಿ, ಇನ್ನೂ ಮ್ಯಾಲ. ಅಯ್ಯ, ಹಾಲ ಉಕ್ಕಿತು. ನೀವು ಹಾಡ್ರಿ, ನಿಲ್ಲಸಬ್ಯಾಡ್ರಿ.” ಈ ಗದ್ದಲದ ಹಿಂದೆ, ಎರಡು ಓಣಿ ಆಚೆ ಯಾರೋ ಹಾಡಿದಂತೆ, ಮಡಿವಾಳಪ್ಪ.

ಶಿವಲಿಂಗವ್ವ ಸೆರಗು ಬಾಯಿಗಿಟ್ಟಳು, ಭುಜ ಕುಣಿಯುತ್ತಿದ್ದವು. ಕಾಸಿಮಸಾಬ ಮೈಕನ್ನು ತಿರುಗಿಸಿ ನೋಡಿದ.

“ಅಕ್ಕಾರ, ವಿಭೂತಿ ಇದರ ಬೆನ್ನಿಗೆ ಹಚ್ಚೀರಲ್ರಿ.”

ರತ್ನವ್ವ ತಲೆ ತಗ್ಗಿಸಲಿಲ್ಲ. “ನಗ್ರಿ. ನಕ್ಕು ಮುಗದ ಮ್ಯಾಲ ಹಿಂದಿಂದು ಕೇಳ್ರಿ. ನಾ ಇಷ್ಟು ಒದರಿದ್ರೂ ಅವರು ಒಂದ ಸ್ವರ ತಪ್ಪಿಲ್ಲ. ಯಾ ಗವಾಯಿ ಕೈಲೆ ಆದೀತು ಹೇಳ್ರಿ.”

ಎಲ್ಲರೂ ಹಿಂದಿನದನ್ನು ಕೇಳಿದರು, ಕೊನೆಯವರೆಗೆ.

ಸುತ್ತಿಟ್ಟ ಟೇಪು ಹಾಗೇ ಬಿಟ್ಟರೆ ಸುತ್ತುಗಳು ಒಂದಕ್ಕೊಂದು ಅಂಟುತ್ತವೆ ಎಂದು ಕಾಸಿಮಸಾಬ ಹೋಗುವಾಗ ಹೇಳಿದ್ದ. ಇಂದಿಗೂ ರತ್ನವ್ವ ದಿನಾ ಬೆಳಿಗ್ಗೆ ಕೈ ತೊಳೆದು, ಒಣಬಟ್ಟೆಯಲ್ಲಿ ಒರೆಸಿಕೊಂಡು, ಯಂತ್ರ ಎಳೆದರೆ ಹರಿದೀತೆಂದು ಬೆರಳಿನಿಂದಲೇ ತಿರುಗಿಸುತ್ತ ಟೇಪನ್ನು ಆ ಚಕ್ರದಿಂದ ಈ ಚಕ್ರಕ್ಕೆ ಸುತ್ತುತ್ತಾಳೆ. ಅರ್ಧ ಗಂಟೆ ಹಿಡಿಯುತ್ತದೆ.