ಕೃಷ್ಣಕುಮಾರನ ಕವರು

ಆ ಭಾನುವಾರ ಪೇಪರಿನಲ್ಲಿ ಹೆಸರು ಬರದೇ ಇದ್ದಿದ್ದರೆ ಕೃಷ್ಣಕುಮಾರ ಎಂದಿನಂತೆ ಒಂಬತ್ತು ಗಂಟೆಯವರೆಗೂ ಹೊದ್ದು ಮಲಗಿರುತ್ತಿದ್ದ. ಬಂದುಬಿಟ್ಟಿತು. ಎಲ್ಲ ಫಜೀತಿಗೂ ಅದೇ ಮೂಲ.

ನಂಜನಗೂಡಿನಲ್ಲಿ ಅವನನ್ನು ತಿಳಿಯದವರು ಕಡಿಮೆ. ವಾರವಿಡೀ ತಾಂಡವಪುರದ ಕಡೆ ಫ್ಯಾಕ್ಟರಿ ಕೆಲಸ, ರಜೆ ಬಂದರೆ ಆರ್ಕೆಸ್ಟ್ರಾ. ಅವನೇ ಕಟ್ಟಿ ಹಾಡಿದ ‘ಹೆಲ್ಮೆಟ್ ಹಾಕ್ಕೊ ಹೇಮಲತಾ’ ಎಂಬ ಪಾಪ್ ಹಾಡು ನಾಲ್ಕು ಲಕ್ಷ ಮೊಬೈಲುಗಳಲ್ಲಿ ಕುಣಿದಿತ್ತು. ರಿಸೆಪ್ಷನ್ನುಗಳಲ್ಲಿ ಅದನ್ನು ಮೂರು ಸಲವಾದರೂ ಹಾಡದೆ ಯಾರೂ ಅವನನ್ನು ಸ್ಟೇಜಿನಿಂದ ಇಳಿಯಗೊಡುತ್ತಿರಲಿಲ್ಲ. ಹಾಡಿ ಹಾಡಿ ಸಾಕಾಗಿ, ಹೇಮಲತಾ ಹೆಲ್ಮೆಟ್ ಹಾಕದೆ ಪೊಲೀಸರ ಕೈಗೆ ಸಿಕ್ಕಿಬಿದ್ದರೂ ತನಗೇನು ಎನ್ನುವ ಮಟ್ಟಕ್ಕೆ ಬಂದಿದ್ದ.

ಅದಕ್ಕೇ ಬಿಳಿಗೆರೆ, ಮುಡುಕುತೊರೆ ಕಡೆಯ ಅಜ್ಜಿಯರು ಹಾಡುತ್ತಿದ್ದ ಎಂಟು ಹಳೆಯ ಹಾಡುಗಳನ್ನು ಆರಿಸಿಕೊಂಡು, ಗಿಟಾರು ಸೇರಿಸಿ, ತನ್ನ ದನಿಯಲ್ಲಿ ಹಾಡಿ ‘ಮರುದನಿ’ ಎಂಬ ಆಲ್ಬಂ ಮಾಡಿದ. ಬೇರೆಯವರ ಹಾಡನ್ನು ಹೀಗೆ ಮತ್ತೆ ಹಾಡಿದರೆ ಸಂಗೀತದವರು ಅದಕ್ಕೆ ‘ಕವರ್’ ಅನ್ನುತ್ತಾರೆ. ಆಟೋ, ಟ್ರ್ಯಾಕ್ಟರಿನವರೂ ಕೇಳಲಿ ಎಂದು ಮುನ್ನೂರು ಪೆನ್‌ಡ್ರೈವಿಗೂ ತುಂಬಿಸಿದ. ಮೂರು ತಿಂಗಳಲ್ಲಿ ಹೋದದ್ದು ಹನ್ನೊಂದು. ಉಳಿದವು ಮಂಚದ ಕೆಳಗೆ, ರಟ್ಟಿನ ಡಬ್ಬದಲ್ಲಿ, ಕಾವಿಗೆ ಕೂತ ಕೋಳಿಗಳ ಹಾಗೆ ಅಲ್ಲಾಡದೆ ಕೂತಿದ್ದವು.

ಈಗ ಮೈಸೂರಿನ ಪತ್ರಿಕೆಯ ವಿಮರ್ಶಕರು ಅರ್ಧ ಪುಟ ಹೊಗಳಿದ್ದರು. ಹೆಂಡತಿ ಬಿಂದುಶ್ರೀ ಅವನನ್ನು ಅಲುಗಾಡಿಸಿ ಎಬ್ಬಿಸಿ ಓದಿದಳು: “ಕೃಷ್ಣಕುಮಾರ್ ಕವರ್: ತೆಳು, ಆದರೂ ಗಟ್ಟಿ! ಎಂಥ ಭಾರ ಹೊರಿಸಿದರೂ ಹರಿಯುವುದಿಲ್ಲ. ಈ ಕವರುಗಳು ನಮ್ಮ ಮಣ್ಣಿನಲ್ಲಿ ನೂರು ವರ್ಷ ಕರಗದೆ ಉಳಿಯುತ್ತವೆ!”

“ಇನ್ನೊಂದ್ಸಲ ಓದು,” ಎಂದ ಕೃಷ್ಣಕುಮಾರ. ಆರು ಸಲ ಓದಿಸಿದ.

ಅದೇ ಹೊತ್ತಿಗೆ ಟೀ ಅಂಗಡಿಯಲ್ಲಿ ಎದುರುಮನೆಯ ಮಾದಯ್ಯನೂ ಅದನ್ನೇ ಓದುತ್ತಿದ್ದ. ರಿಟೈರಾದ ಲೈನ್‌ಮನ್. ಕನ್ನಡಕ ಮನೆಯಲ್ಲಿ ಬಿಟ್ಟು ಬರುತ್ತಿದ್ದುದರಿಂದ ದಪ್ಪಕ್ಷರ ಮಾತ್ರ ಓದಿ, ಉಳಿದದ್ದನ್ನು ತಾನೇ ಕಟ್ಟಿ ಹೇಳಿಬಿಡುತ್ತಿದ್ದ.

“ನಮ್ ಕೃಷ್ಣ ಕವರ್ ಫ್ಯಾಕ್ಟ್ರಿ ತೆಗ್ದವ್ನೆ ಕಣ್ರಲಾ! ಹರಿಯಲ್ವಂತೆ. ಪೇಪರ್‌ನಲ್ಲೇ ಹಾಕವ್ರೆ!” ಎಂದು ಸಾರಿ, ಟಿ. ನರಸೀಪುರದಲ್ಲಿ ಹಣ್ಣಿನ ಅಂಗಡಿ ಇಟ್ಟಿದ್ದ ಅಳಿಯ ಮರಿಸ್ವಾಮಿಗೂ ಫೋನು ಮಾಡಿದ.

ಹತ್ತೇ ನಿಮಿಷದಲ್ಲಿ ಕೃಷ್ಣಕುಮಾರನ ಫೋನು ಬಡಿದುಕೊಂಡಿತು.

“ಅಣ್ಣಾ, ನಾನು ಮರಿಸ್ವಾಮಿ, ನರಸೀಪುರದಿಂದ. ನಿಮ್ ಕವರ್ ಬಾಳ ಚೆನ್ನಾಗವಂತೆ?”

ಕೃಷ್ಣಕುಮಾರನ ಎದೆ ತುಂಬಿತು. “ಏನೋ, ನಿಮ್ಮಂಥವರ ಆಶೀರ್ವಾದ.”

“ಎಷ್ಟು ಭಾರ ತಡೀತವೆ?”

“ಎಂಥ ದುಃಖ ಇದ್ರೂ ತಡ್ಕೋತವೆ ಕಣಪ್ಪ.”

“ದುಃಖ ಬುಡಿ, ಐದು ಕೆಜಿ ಬಾಳೆಹಣ್ಣು ತಡೀತವಾ? ನಂಗೆ ಕಪ್ಪುದು ಬ್ಯಾಡ, ಬಿಳೀದೇ ಬೇಕು.”

ಅಭಿಮಾನಿ ಬೆಳಗ್ಗೆಯೇ ಕುಡಿದಿದ್ದಾನೆ ಎಂದುಕೊಂಡು ಕೃಷ್ಣಕುಮಾರ ಫೋನಿಟ್ಟ. ತಿರುಗಿ ನೋಡಿದರೆ ಬಾಗಿಲಲ್ಲಿ ಮೀನು ಮಾರುವ ಪಾಪಮ್ಮ.

“ತೂತಿಲ್ದಿರೋದು ನೋಡಿ ಕೊಡಪ್ಪ. ಓದ್ವಾರ ಗಿರಾಕಿ ಸೀರೆ ಮ್ಯಾಲೆಲ್ಲ ಮೀನಿನ ನೀರು ಸೋರೋಗಿ ನಂಗೆ ಸಾಪ ಆಕ್ಬುಟ್ಲು.”

ಅವಳ ಹಿಂದೆ ಕೋಳಿ ಅಂಗಡಿಯವನು, ಅವನ ಹಿಂದೆ ಚುರುಮುರಿ ಗಾಡಿಯವನು. ಆಗ ಕೃಷ್ಣಕುಮಾರನಿಗೆ ಬೆಳಕು ಹರಿಯಿತು.

“ಅಯ್ಯೋ, ಪ್ಲಾಸ್ಟಿಕ್ ಕವರಲ್ಲ ಕಣವ್ವಾ, ಹಾಡಿನ ಕವರು!”

“ಹಾಡ ಯಾರಾದ್ರೂ ಕವರ್‌ನಾಗೆ ಕಟ್ಕೊಂಡೋದಾರಾ?” ಎಂದು ಪಾಪಮ್ಮ ಅವನನ್ನೇ ಮರುಕದಿಂದ ನೋಡಿದಳು.

ಮಾದಯ್ಯ ಬಂದು ಅವಳ ಕಿವಿಯಲ್ಲಿ ಪಿಸುಗುಟ್ಟಿದ. ಅವನ ಪಿಸುಮಾತು ಮೂರು ಮನೆಗೆ ಕೇಳಿಸುವಂಥದು. “ಪ್ಲಾಸ್ಟಿಕ್ಕು ಬ್ಯಾನ್ ಆಗದಲ್ಲಾ, ಅದಕ್ಕೆ ಬಾಯ್ಬುಡ್ತಿಲ್ಲ. ಮಂಚದ ಕೆಳಗೆ ಡಬ್ಬ ಮಡಗವ್ನೆ, ನಾನೇ ಕಂಡಿವ್ನಿ.”

ಮೂರು ಮನೆ ದಾಟಿದ ಮಾತಿಗೆ ಊರು ದಾಟುವುದು ಕಷ್ಟವೇ? ಮಧ್ಯಾಹ್ನ ಊಟಕ್ಕೆ ಕೂತು ಮುದ್ದೆ ಮುರಿಯುವಷ್ಟರಲ್ಲಿ, ಮೇಲೆ ಮೈಕು ಕಟ್ಟಿದ್ದ ಜೀಪೊಂದು ಮನೆ ಮುಂದೆ ನಿಂತಿತು. ನಗರಸಭೆಯ ಆರೋಗ್ಯ ಇನ್‌ಸ್ಪೆಕ್ಟರ್ ಸಂಘಮಿತ್ರಾ ಇಳಿದರು. ಕೈಯಲ್ಲಿ ಅದೇ ಪೇಪರು. ‘ನೂರು ವರ್ಷ ಕರಗದೆ’ ಎಂಬಲ್ಲಿ ಕೆಂಪು ಗೆರೆ.

“ನೂರು ವರ್ಷ ಮಣ್ಣಲ್ಲಿ ಕರಗಲ್ಲ ಅಂತ ಪೇಪರಲ್ಲಿ ಹಾಕಿಸ್ಕೋತೀರಲ್ಲ, ಎಷ್ಟು ಧೈರ್ಯ ರೀ ನಿಮಗೆ!”

“ಮೇಡಮ್, ಅದು ವಿಮರ್ಶೆ...”

“ವಿಮರ್ಶೆ ಆಮೇಲೆ ಮಾಡೋಣ. ಡಬ್ಬ ತೆಗೀರಿ.”

ಬೀದಿಯೆಲ್ಲ ಹೊಸ್ತಿಲಿಗೆ ಬಂತು. ಕೃಷ್ಣಕುಮಾರ ಎಂಜಲುಗೈಯಲ್ಲೇ ಡಬ್ಬ ಎಳೆದ. ಒಳಗೆ ಸಾಲಾಗಿ ಇನ್ನೂರ ಎಂಬತ್ತೊಂಬತ್ತು ಪೆನ್‌ಡ್ರೈವು. ಸಂಘಮಿತ್ರಾ ಒಂದನ್ನು ತಿರುಗಿಸಿ ತಿರುಗಿಸಿ ನೋಡಿ, ಅನುಮಾನ ಹೋಗದೆ ಜೀಪಿನ ಮೈಕ್ ಸೆಟ್ಟಿಗೆ ಸಿಕ್ಕಿಸಿದರು.

“ಹೊರಗೆ ಬಾರವ್ವ ತಂಗಿ, ಹೊತ್ತಾಯ್ತು ಬಾರವ್ವ...” ಎಂದು ಕೃಷ್ಣಕುಮಾರನ ದನಿ ಬೀದಿ ತುಂಬಿತು. ಮದುಮಗಳನ್ನು ಹಸೆಗೆ ಕರೆಯುವ ಹಾಡು. ಪಾಪಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಸಂಘಮಿತ್ರಾ ಹಾಡು ಮುಗಿಯುವವರೆಗೂ ಜೀಪಿಗೆ ಒರಗಿ ನಿಂತಿದ್ದರು.

“ನಮ್ಮಜ್ಜಿ ಬಿಳಿಗೆರೆಯಲ್ಲಿ ಹಾಡ್ತಿದ್ರು ಇದನ್ನ,” ಎಂದರು ಮೆತ್ತಗೆ. “ಇಂಥ ಹಾಡು ಮಂಚದ ಕೆಳಗೆ ಇರಬಾರದು ಸರ್. ನೀವು ಒಪ್ಪಿದ್ರೆ ನಾಳೆಯಿಂದ ದಿನಾ ಬೆಳಗ್ಗೆ ಊರಿನ ಪ್ರತಿ ಮನೆ ಬಾಗಿಲಿಗೂ ಮುಟ್ಟಿಸ್ತೀನಿ.”

“ಪ್ರತಿ ಮನೆಗೂ?”

“ಒಂದು ಬೀದಿಯೂ ಬಿಡಲ್ಲ.”

ಕೃಷ್ಣಕುಮಾರ ಕೈ ತೊಳೆದು ಬಂದು, ಅವರು ಕೊಟ್ಟ ಕಾಗದದ ಮೇಲೆ, ಮದುವೆ ರಿಜಿಸ್ಟರಿಗೂ ಹಾಕಿರದಷ್ಟು ಚೆಂದದ ಸಹಿ ಹಾಕಿದ.

ಸೋಮವಾರ ಆರೂವರೆಗೇ ಸ್ನಾನ ಮಾಡಿ, ಇಸ್ತ್ರಿ ಶರ್ಟು ತೊಟ್ಟು ಜಗುಲಿಯಲ್ಲಿ ನಿಂತ. ಬೀದಿಯ ಆ ತುದಿಯಿಂದ ಹಾಡು ತೇಲಿ ಬಂತು. “ಹೊರಗೆ ಬಾರವ್ವ ತಂಗಿ...” ಪಟಪಟನೆ ಬಾಗಿಲುಗಳು ತೆರೆದವು. ತಲೆ ಬಾಚದವರು, ಹಲ್ಲುಜ್ಜುತ್ತಿದ್ದವರು, ಮಗು ಎತ್ತಿಕೊಂಡವರು ಓಡೋಡಿ ಬಂದರು. ಅವನ ಕಣ್ಣು ಒದ್ದೆಯಾಯಿತು. ಹೇಮಲತಾಳಿಗೂ ಯಾರೂ ಹೀಗೆ ಓಡಿ ಬಂದಿರಲಿಲ್ಲ.

ಕಣ್ಣೊರೆಸಿಕೊಂಡು ಸರಿಯಾಗಿ ನೋಡಿದ. ಎಲ್ಲರ ಕೈಯಲ್ಲೂ ಒಂದು ಹಸಿರು ಬಕೆಟ್ಟು, ಒಂದು ನೀಲಿ ಬಕೆಟ್ಟು. ತಿರುವಿನಲ್ಲಿ, ಅವನ ಹಾಡನ್ನು ಗಂಟಲು ಬಿಚ್ಚಿ ಹಾಡುತ್ತಾ, ಕಸದ ಗಾಡಿ ಮೆಲ್ಲಗೆ ಬರುತ್ತಿತ್ತು.

“ಬಾಳ ಚೆನ್ನಾಗದೆ ಕಣಪ್ಪ ನಿನ್ ಹಾಡು!” ಮೀನಿನ ಸಿಪ್ಪೆ ಸುರಿಯುತ್ತಾ ಪಾಪಮ್ಮ ಮನಸಾರೆ ಹೇಳಿದಳು. “ಗಾಡಿ ಎಲ್ಡು ಬೀದಿ ಆಚೆ ಇದ್ದಂಗೇ ಗೊತ್ತಾಯ್ತದೆ.”

ನಗಬೇಕೋ ಅಳಬೇಕೋ ತಿಳಿಯದೆ ಕೃಷ್ಣಕುಮಾರ ಕೈ ಮುಗಿದ. ಹಾಡು ಎರಡನೇ ಚರಣಕ್ಕೆ ಬಂದಿತ್ತು; ಅದರಲ್ಲಿ ತನ್ನ ದನಿ ನಿಜಕ್ಕೂ ಇಂಪಾಗಿದೆ ಅನ್ನಿಸಿ, ಅಲ್ಲೇ ಕಣ್ಣು ಮುಚ್ಚಿ ತಲೆದೂಗತೊಡಗಿದ.

ಒಳಗಿನಿಂದ ಬಿಂದುಶ್ರೀ ಕೂಗಿದಳು:

“ರೀ, ನಿಮ್ಮ ಹಾಡು ಮುಂದಕ್ಕೆ ಹೋಗ್ಬಿಡ್ತದೆ, ಬೇಗ ಬಕೆಟ್ ತಗೊಂಡೋಗಿ!”