ಸಯನ್‌ನ ಮದುವೆ ಹಾಲಿನ ಕಂಪ್ಯೂಟರಿಗೆ, ಒಂದೇ ಮುಹೂರ್ತದ ಕುರಿತು

ಮಾನ್ಯ ಕಂಪ್ಯೂಟರ್ ಮಹಾಶಯರೇ,

ಏಸಿ ಕೋಣೆಯಲ್ಲಿ ಕೂತು, ಚಪ್ಪಲಿ ಹೊರಗೆ ಬಿಟ್ಟು ಬಂದವರಿಗಷ್ಟೇ ದರ್ಶನ ಕೊಡುವ ತಮಗೆ, ಪರೇಲ್‌ನ ಚಾಳಿನ ಸೆಕೆಯಿಂದ ನಮಸ್ಕಾರಗಳು.

ಬರುವ ಭಾನುವಾರ ಬೆಳಗಿನ ಮುಹೂರ್ತಕ್ಕೆ ನನ್ನ ಮಗಳು ಕೌಸಲ್ಯಾಳ ಮದುವೆಗೆಂದು ತಾವು ಹಾಲ್ ಕೊಟ್ಟಿದ್ದೀರಿ. ಅದೇ ಹಾಲನ್ನು ಅದೇ ಮುಹೂರ್ತಕ್ಕೆ, ಪಕ್ಕದ ಕೌಂಟರಿನಲ್ಲಿದ್ದ ಆಂಟಾಪ್ ಹಿಲ್‌ನ ಕಾಶಪ್ಪನವರ ಮಗಳಿಗೂ ಕೊಟ್ಟಿದ್ದೀರಿ. ಇಂಥ ಔದಾರ್ಯವನ್ನು ಈ ಊರಿನಲ್ಲಿ, ಲೋಕಲ್ ರೈಲಿನಲ್ಲಿ ಮೂವರ ಸೀಟಿಗೆ ನಾಲ್ಕನೆಯವನನ್ನು ಸೇರಿಸಿಕೊಳ್ಳುವುದು ಬಿಟ್ಟರೆ, ನಾನು ಬೇರೆಲ್ಲೂ ಕಂಡಿಲ್ಲ. ಚೀಟಿ ಪಡೆಯುವಾಗ ನಮ್ಮಿಬ್ಬರ ಮೊಣಕೈ ತಾಗಿತ್ತು, ಕ್ಷಮೆಯನ್ನೂ ಕೇಳಿಕೊಂಡೆವು, ಯಾವ ದಿನಕ್ಕೆ ಎಂದು ಮಾತ್ರ ಕೇಳಿಕೊಳ್ಳಲಿಲ್ಲ.

ತಮ್ಮ ಪ್ರೋಗ್ರಾಂ ಬರೆದ ನಂಜುಂಡ ಅವರು ವಿವರಿಸಿದ ಪ್ರಕಾರ, ತಮ್ಮೊಳಗೆ ಥ್ರೆಡ್ ಎಂಬ ಕೆಲಸಗಾರರು ಕೌಂಟರಿಗೊಬ್ಬರಂತೆ ಇದ್ದಾರೆ. ಆದರೆ ಹಾಲ್ ಖಾಲಿಯೋ ಭರ್ತಿಯೋ ಎಂದು ಬರೆದಿಡುವ, ವೇರಿಯಬಲ್ ಎಂಬ ಹಲಗೆ ಇಬ್ಬರಿಗೂ ಸೇರಿ ಒಂದೇ. ನನ್ನ ಕೌಂಟರಿನವನು ನೋಡಿದಾಗ ಖಾಲಿ ಇತ್ತು. ಅವನು ‘ಭರ್ತಿ’ ಎಂದು ಬರೆಯುವ ಮೊದಲೇ ಕಾಶಪ್ಪನವರ ಕೌಂಟರಿನವನೂ ನೋಡಿದ, ಆಗಲೂ ಖಾಲಿಯೇ. ಆಮೇಲೆ ಇಬ್ಬರೂ ಶ್ರದ್ಧೆಯಿಂದ ‘ಭರ್ತಿ’ ಎಂದು ಬರೆದರು. ಯಾರೂ ಸುಳ್ಳು ಹೇಳಲಿಲ್ಲ. ನೋಡುವುದಕ್ಕೂ ಬರೆಯುವುದಕ್ಕೂ ನಡುವಿನ ಇಂಥ ಸಂದಿಗಳಲ್ಲೇ ನನ್ನ ಬಾಳಿನ ಬಹುಪಾಲು ಕಳೆದಿರುವುದರಿಂದ, ತಮ್ಮನ್ನು ದೂರಲು ಸಂಕೋಚವಾಗುತ್ತದೆ.

ಆದರೂ ಒಂದು ಮಾತು. ನಮ್ಮ ಚಾಳಿನ ಎಲ್ಲ ಮನೆಗಳಿಗೂ ಸೇರಿ ಒಂದೇ ಪಾಯಖಾನೆ, ಅದಕ್ಕೆ ಒಂದೇ ಕೀಲಿಕೈ. ಯಾರೂ ಜೇಬಿಗೆ ಹಾಕಿಕೊಂಡು ಹೋಗದಿರಲೆಂದು ಅದಕ್ಕೆ ತೆಂಗಿನ ಚಿಪ್ಪು ಕಟ್ಟಿ ಮೊಳೆಗೆ ನೇತುಹಾಕಿದ್ದೇವೆ. ಮೊಳೆಯಲ್ಲಿ ಚಿಪ್ಪಿಲ್ಲದಿದ್ದರೆ ಕಾಯಬೇಕು. ಖಾಲಿಯಿದೆಯೇ ಎಂದು ಇಣುಕಬೇಕಾದರೂ ಚಿಪ್ಪು ಕೈಯಲ್ಲಿರಬೇಕು. ಒಳಗಿದ್ದವರು ಬಹಳ ಹೊತ್ತು ಚಿಂತನೆಗಿಳಿದರೆ, ಕೆಳಗಿನ ಖೋಲಿಯ ಅಂಬವ್ವನವರು ಬಕೆಟ್ಟಿನಿಂದ ಬಾಗಿಲು ಬಡಿಯುತ್ತಾರೆ. ಇದನ್ನು ಹೇಳಿದಾಗ ನಂಜುಂಡ ಅವರು ತಲೆ ಕೆರೆದುಕೊಂಡು, “ಅದನ್ನೇ ನಾವು ಲಾಕ್ ಅಂತೀವಿ ಸಾರ್, ಹಾಕೋದು ಬಿಟ್ಟುಹೋಯ್ತು” ಎಂದರು.

ಕಾಶಪ್ಪನವರ ಚಿಂತೆ ಬೇರೆ: “ಸಾಹೇಬ್ರ, ಒಂದ ಪಂಕ್ತಿಗೆ ಕುಂತ್ರ ಯಾರ ಬೀಗರು ಯಾರು ಅಂತ ಹೆಂಗ ಗೊತ್ತಾಗಬೇಕ್ರಿ?” ಆದಕಾರಣ ತಾವು ದಯಮಾಡಿ ಭಾನುವಾರದ ಮಟ್ಟಿಗೆ ಹಾಲನ್ನು ಎರಡಾಗಿಸಬೇಕು, ಸಾಧ್ಯವಾಗದಿದ್ದರೆ ಅದೇ ಮುಹೂರ್ತ ಮಧ್ಯಾಹ್ನ ಇನ್ನೊಮ್ಮೆ ಬರುವಂತೆ ಗ್ರಹಗಳಿಗೆ ಆದೇಶ ಕಳುಹಿಸಬೇಕು.

ಇಷ್ಟಾದರೂ ತಮ್ಮ ವಿಶ್ವಾಸಿ,
ಸತ್ಯಮೂರ್ತಿ, ಪರೇಲ್

ತಾ.ಕ.: ಇಂದು ಬೆಳಿಗ್ಗೆ ನಂಜುಂಡ ಅವರು ಲಾಕ್ ಹಾಕಿ, ಎರಡೂ ಚೀಟಿ ರದ್ದುಮಾಡಿ, ಹೊಸದಾಗಿ ಕೇಳಿ ಎಂದರು. ತಮ್ಮ ಥ್ರೆಡ್ಡುಗಳಲ್ಲೊಬ್ಬ ಕೀಲಿಕೈ ತೆಗೆದುಕೊಂಡವನು ಅದನ್ನು ಮರಳಿಸದೆ ಒಳಗೇ ಸತ್ತನಂತೆ. ಎರಡೂ ಕೌಂಟರಿನ ಪರದೆಯಲ್ಲಿ ‘ದಯವಿಟ್ಟು ಕಾಯಿರಿ’ ಎಂದಿದೆ. ನಾನೂ ಕಾಶಪ್ಪನವರೂ ಒಂದೇ ಬೆಂಚಿನ ಮೇಲೆ ಕಾಯುತ್ತಿದ್ದೇವೆ. ಅಂಬವ್ವನವರು ಪರೇಲ್‌ನಿಂದ ಬಸ್ಸು ಹತ್ತಿದ್ದಾರೆ. ಬಕೆಟ್ಟು ಜೊತೆಗಿದೆ. ಚಪ್ಪಲಿ ಹೊರಗೆ ಬಿಡುವ ಅಭ್ಯಾಸ ಅವರಿಗಿಲ್ಲ.