ಅಕ್ಕನ ಉಪವಾಸವೂ ಥೈರಾಯ್ಡ್ ಮಾತ್ರೆಯೂ

ನನ್ನ ಅಕ್ಕನ ಉಪವಾಸ ಎಂಟು ಬಾಳೆಹಣ್ಣುಗಳನ್ನು ತಡೆದುಕೊಳ್ಳುತ್ತದೆ. ತೊಗರಿಬೇಳೆಯಷ್ಟಿರುವ ಒಂದು ಮಾತ್ರೆಯನ್ನು ಮಾತ್ರ ತಡೆದುಕೊಳ್ಳುವುದಿಲ್ಲ! ಇದು ಉತ್ಪ್ರೇಕ್ಷೆಯೆನ್ನುವವರು ಯಾವುದಾದರೊಂದು ಸೋಮವಾರ ಅವಳ ಊರು ಹೊನ್ನೂರಿಗೆ ಬಂದು ಸಿಪ್ಪೆಗಳನ್ನು ಎಣಿಸಬಹುದು. ನಾನು ಎಣಿಸಿದ್ದೇನೆ.

ಅವಳ ಥೈರಾಯ್ಡ್ ಗ್ರಂಥಿ ಮಂದವಾಗಿ ಐದು ವರ್ಷಗಳಾದವು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಬರಿಯ ನೀರಿನೊಂದಿಗೆ, ದಿನಕ್ಕೊಂದು ಮಾತ್ರೆ. ಖಾಲಿ ಹೊಟ್ಟೆಯನ್ನೇ ವ್ರತ ಮಾಡಿಕೊಂಡವಳಿಗೆ ಇದಕ್ಕಿಂತ ಅನುಕೂಲವಾದ ಕಾಯಿಲೆ ಉಂಟೆ? ಆದರೂ ಮೂರು ವರ್ಷಗಳಿಂದ ಸೋಮವಾರ, ಏಕಾದಶಿ, ಅಮಾವಾಸ್ಯೆಗಳಂದು ಆ ಮಾತ್ರೆಗೆ ಪ್ರವೇಶವಿಲ್ಲ.

ನಾನು ಕೊಳ್ಳೇಗಾಲದಿಂದ ದಿನವೂ ಏಳು ಇಪ್ಪತ್ತಕ್ಕೆ ಫೋನು ಮಾಡಿ ನೆನಪಿಸುವವನು.

“ಮಾತ್ರೆ ನುಂಗ್ದ್ಯಾ ಅಕ್ಕ?”

“ಇವತ್ತು ಸ್ವಾಮಾರ ಕಣ್ಲಾ. ನುಂಗುದ್ರೆ ಉಪಾಸ ಕೆಟ್ಟೋಯ್ತದೆ.”

“ಬಾಯಲ್ಲಿ ಏನೋ ಅದೆಯಲ್ಲ?”

“ಬಾಳೆಅಣ್ಣು.”

“ಅದ್ರಿಂದ ಕೆಡಕಿಲ್ವಾ?”

“ಅದ ನುಂಗಕಿಲ್ಲ ಕಣ್ಲಾ, ಅಗೀತೀನಿ!”

ಕಳೆದ ಕಾರ್ತಿಕದ ಎರಡನೆಯ ಸೋಮವಾರ, ತುಂಬಿದ ಬಸ್ಸಿನಲ್ಲಿ, ಅವಳು ನನ್ನನ್ನು ‘ಮಾತ್ರೆ ಏಜೆಂಟು’ ಎಂದು ಕರೆದಳು. ನಾನು ಮರೆತಿಲ್ಲ. ಮೂರು ವರ್ಷಗಳ ಹಿಂದೆ ಹೃದಯದ ಕಾಯಿಲೆಯಿಂದ ನಾನು ಹನ್ನೊಂದು ದಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ ಬಂಡಳ್ಳಿಯ ದೂರದ ನೆಂಟರು ಕೂಡ ಎಳನೀರು ಹಿಡಿದು ಬಂದರು. ಒಡಹುಟ್ಟಿದ ಇವಳು ಒಮ್ಮೆಯೂ ಬರಲಿಲ್ಲ! ಅದನ್ನಂತೂ ಮರೆಯುವ ಪ್ರಶ್ನೆಯೇ ಇಲ್ಲ.

ಈ ಬೇಸಿಗೆಯಲ್ಲಿ ಅವಳ ಮುಖ ಊದಿಕೊಂಡಿತು, ಧ್ವನಿ ಗೊಗ್ಗರಾಯಿತು, ವೈಶಾಖದ ಬಿಸಿಲಲ್ಲಿ ಮೈಮೇಲೆ ಸ್ವೆಟರ್ ಬಂತು. ರಕ್ತಪರೀಕ್ಷೆಯ ವರದಿ ನೋಡಿ ವೈದ್ಯೆ ಹುಬ್ಬೇರಿಸಿದರು.

“ಮಾತ್ರೆ ದಿನಾ ತಗೋತೀರಾ ಅಮ್ಮ?”

“ದಿನಾ ತಕತೀನಿ ಕಣವ್ವ.”

ನಾನು ಚೀಲದಿಂದ ಪಂಚಾಂಗ ತೆಗೆದು, ಆ ತಿಂಗಳಲ್ಲೇ ತಪ್ಪಿದ ಏಳು ದಿನಗಳ ಮೇಲೆ ಬೆರಳಿಟ್ಟೆ. ಅಕ್ಕ ನನ್ನನ್ನು ಸುಡುವಂತೆ ನೋಡಿದಳು. “ಅವು ದೇವ್ರ ದಿನ! ಅವನ್ನೂ ನನ್ ತಲೆಗೇ ಕಟ್ತೀಯೇನ್ಲಾ?”

ವೈದ್ಯೆ ಮೊದಲು ನಕ್ಕರು, ಆಮೇಲೆ ನಗಲಿಲ್ಲ. “ಉಪವಾಸ ಮಾಡಿ, ಬೇಡ ಅನ್ನಲ್ಲ. ನೀರಲ್ಲಿ ಮಾತ್ರೆ ನುಂಗಿ, ಒಂದು ಗಂಟೆ ಬಿಟ್ಟು ಹಣ್ಣು ತಿನ್ನಿ. ಹೀಗೇ ಬಿಡ್ತಾ ಹೋದ್ರೆ ಹೃದಯಕ್ಕೂ ಕಷ್ಟ, ಜೀವಕ್ಕೂ ಕಷ್ಟ.”

ಇಷ್ಟಾದರೂ ಮುಂದಿನ ಅಮಾವಾಸ್ಯೆಗೆ ಮಾದಪ್ಪನ ಬೆಟ್ಟಕ್ಕೆ ನಡೆದೇ ಹತ್ತುವೆನೆಂದು ಹಟ ಹಿಡಿದಳು. ಕಾವಲಿಗೆ ನಾನೂ ಹೊರಟೆ. ಹನೂರು ದಾಟಿ, ಹತ್ತುವ ದಾರಿ ಶುರುವಾಗುವ ತಾಳಬೆಟ್ಟದಲ್ಲಿ ಬಸ್ಸಿಳಿದು ನೂರು ಹೆಜ್ಜೆ ಹಾಕಿರಲಿಲ್ಲ, ಕಲ್ಲೊಂದರ ಮೇಲೆ ಕುಸಿದು ಕುಳಿತಳು. ಕೈ ಹಿಡಿದೆ, ತಣ್ಣಗೆ ಕೊರೆಯುತ್ತಿತ್ತು. ಮಾತ್ರೆಯನ್ನೂ ನೀರನ್ನೂ ಮುಂದೆ ಹಿಡಿದೆ.

“ಆಗಕಿಲ್ಲ ಕಣ್ಲಾ,” ಎಂದಳು ಮೆಲ್ಲಗೆ. “ಅನ್ನ ಬುಡ್ತೀನಿ ಅಂತ ನಾ ಅರಕೆ ಕಟ್ಕಂಡಿಲ್ಲ. ದೇವ್ರ ದಿನ ಮದ್ದು ಬುಡ್ತೀನಿ, ನನ್ ಮದ್ದಿನ ಗುಣ ನನ್ ತಮ್ಮುಂಗೆ ಬರ್ಲಿ ಅಂತ ಕಟ್ಕಂಡಿವ್ನಿ.”

“ಯಾವಾಗ?”

“ನೀ ಆಸ್ಪತ್ರೇಲಿ ಮಲಗಿದ್ದಾಗ. ಊರಿಂದ ನಡ್ಕಂಡೇ ಇಲ್ಲಿಗ್ ಬಂದಿದ್ದೆ. ಕಾಲು ಬೊಬ್ಬೆ ಎದ್ದೋಗಿ ನಿನ್ನ ನೋಡಕೆ ಬರಕಾಗ್ನಿಲ್ಲ.”

ಮೂರು ವರ್ಷ ಜೋಪಾನವಾಗಿ ಕಾಪಾಡಿಕೊಂಡು ಬಂದಿದ್ದ ಕೋಪವನ್ನು ಎಲ್ಲಿ ಇಳಿಸಬೇಕೆಂದು ನನಗೆ ತಿಳಿಯಲಿಲ್ಲ. ಜೇಬಿನಿಂದ ನನ್ನ ಹೃದಯದ ಮಾತ್ರೆಯನ್ನು ತೆಗೆದು ಅಂಗೈ ಮೇಲಿಟ್ಟುಕೊಂಡೆ.

“ನೀ ನುಂಗೋಗಂಟ ನಾನೂ ನುಂಗಕಿಲ್ಲ.”

ಅವಳು ಬೆಟ್ಟವನ್ನು ನೋಡಿದಳು, ನನ್ನ ಅಂಗೈಯನ್ನು ನೋಡಿದಳು. “ಅಟಮಾರಿ ಮುಂಡೇದು,” ಎಂದು ಬೈದು, ನುಂಗಿದಳು.

ಈಗ ಸೋಮವಾರವೂ ಏಳು ಇಪ್ಪತ್ತಕ್ಕೆ ಫೋನಿನ ಎರಡು ತುದಿಗಳಲ್ಲಿ ಎರಡು ಲೋಟ ನೀರು ಸಿದ್ಧವಾಗಿರುತ್ತವೆ.

“ಮೊದ್ಲು ನೀ ನುಂಗ್ಲಾ, ನಂಗೆ ಕೇಳಬೇಕು,” ಎನ್ನುತ್ತಾಳೆ.

ನಾನು ಸದ್ದು ಮಾಡಿ ನುಂಗುತ್ತೇನೆ.